ಕಿವಿ ಮನೆಯಲ್ಲಿಟ್ಟು ಬಾ

ನನ್ನ ಮೊದಲ ಕೆಲಸಕ್ಕೆ ಅರ್ಜಿ ಹಾಕಿದವನು ನಾನಲ್ಲ, ನಮ್ಮಮ್ಮ. ಅದು 1996ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದವನು ದೇಶಕ್ಕೆ ಏನೋ ಉಪಕಾರ ಮಾಡಿದವನಂತೆ ಮನೆಯಲ್ಲಿ ಬಿದ್ದುಕೊಂಡಿದ್ದೆ. ದಿನಕ್ಕೆ ನಾಲ್ಕು ಸಲ ಊಟ, ಊಟದ ಮಧ್ಯೆ ತಮ್ಮನ ಜೊತೆ ಜಗಳ. ನೋಡುವಷ್ಟು ನೋಡಿದ ಅಮ್ಮ ಹಿಂದಿನ ಬೀದಿಯ ಸುಬೇದಾರ್ ಮಾವನ ಹತ್ತಿರ ಹೋಗಿ, "ಇವನನ್ನ ಎರಡು ತಿಂಗಳು ನಿಮ್ಮ ಬೂತಲ್ಲಿ ಕೂರಿಸ್ಕೊಳ್ಳಿ. ಸಂಬಳ ಏನೂ ಬೇಡ, ಮನೆ ಬಿಟ್ಟರೆ ಸಾಕು" ಎಂದು ಕೇಳಿಕೊಂಡಳು. ಮಾವ ಮರ್ಯಾದಸ್ಥರು. ತಿಂಗಳಿಗೆ 150 ರೂಪಾಯಿ ಕೊಡುವುದಾಗಿ ಒಪ್ಪಿದರು.

ಮಾವ ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಆಗ ಮಾಜಿ ಸೈನಿಕರಿಗೆ, ಅಂಗವಿಕಲರಿಗೆ ಎಸ್‌ಟಿಡಿ ಬೂತ್ ಕೊಡುವುದರಲ್ಲಿ ಆದ್ಯತೆಯಿತ್ತು. ಹಾಗೆ ಸಿಕ್ಕಿದ ಬೂತು ತಿಪಟೂರಿನ ಬಿ.ಎಚ್. ರಸ್ತೆಯ ಒಂದು ಮೂಲೆಯಲ್ಲಿತ್ತು. ಹಳದಿ ಬೋರ್ಡು, ಅದರ ಮೇಲೆ ಎಸ್‌ಟಿಡಿ, ಐಎಸ್‌ಡಿ, ಪಿಸಿಒ. ಒಳಗೆ ಗಾಜಿನ ಬಾಗಿಲಿನ ಒಂದು ಗೂಡು, ಗೂಡಿನೊಳಗೆ ಅಂಗೈಯಗಲದ ಫ್ಯಾನು. ಹೊರಗಿನ ಮೇಜಿನ ಮೇಲೆ ಕೆಂಪು ಅಂಕಿಗಳ ಮೀಟರು. ಆಚೆ ಕಡೆಯವರು ಫೋನ್ ಎತ್ತಿದ ಕ್ಷಣ ರೂಪಾಯಿ ಓಡಲು ಶುರು. ಅರಸೀಕೆರೆಗೆ ಎತ್ತಿನ ಗಾಡಿಯಂತೆ ಓಡುತ್ತಿದ್ದ ಅಂಕಿ ದೆಹಲಿಗೆ ಎಕ್ಸ್‌ಪ್ರೆಸ್ ರೈಲಾಗುತ್ತಿತ್ತು. ದೂರ ಹೆಚ್ಚಿದಷ್ಟೂ ಪಲ್ಸ್ ಬೇಗ ಬೇಗ ಬೀಳುತ್ತಿತ್ತು. ಮಾತು ಮುಗಿದರೆ ಕಿರ್‍ರೆಂದು ಚೀಟಿ ಹೊರಬರುತ್ತಿತ್ತು. ಚೀಟಿ ಹರಿದು ಕೊಟ್ಟು ದುಡ್ಡು ಇಸ್ಕೊಂಡರೆ ನನ್ನ ಉದ್ಯೋಗ ಮುಗಿಯಿತು.

ಮೊದಲ ದಿನವೇ ಮಾವ ಸ್ಟೂಲಿನ ಮುಂದೆ ನಿಲ್ಲಿಸಿಕೊಂಡು ಕವಾಯತಿನ ದನಿಯಲ್ಲಿ ಹೇಳಿದರು: "ಇಲ್ಲಿಗೆ ಬರುವಾಗ ಕಿವಿ ಮನೆಯಲ್ಲಿಟ್ಟು ಬಾ. ಕಣ್ಣು ಮಾತ್ರ ಮೀಟರ್ ಮೇಲಿರಲಿ."

ಕಣ್ಣಿನ ವಿಷಯ ಸರಿ. ಆದರೆ ಹದಿನಾರರ ಹುಡುಗನಿಗೆ ಕಿವಿ ಬಿಟ್ಟು ಬಾ ಎಂದರೆ? ಅದರಲ್ಲೂ ಆ ಗೂಡಿನ ಗಾಜು ಹೆಸರಿಗೆ ಮಾತ್ರ. ನಮ್ಮ ಜನ ತಂತಿಯನ್ನು ನಂಬುತ್ತಿರಲಿಲ್ಲ, ಗಂಟಲನ್ನು ನಂಬುತ್ತಿದ್ದರು. ವಾರದೊಳಗೆ ನಾನೊಂದು ನಿಯಮ ಕಂಡುಹಿಡಿದೆ. ಊರು ಎಷ್ಟು ದೂರವೋ ದನಿ ಅಷ್ಟು ಎತ್ತರ. ತುಮಕೂರಾದರೆ ಮನೆಯ ಮಾತು, ಬೆಂಗಳೂರಾದರೆ ಬೀದಿಯ ಮಾತು. ಬೊಂಬಾಯಿಯಾದರೆ ಪಕ್ಕದ ಹೋಟೆಲಿನಲ್ಲಿ ದೋಸೆ ತಿನ್ನುವವರು ಕೈ ನಿಲ್ಲಿಸುತ್ತಿದ್ದರು. ದುಬೈಗೆ ಮಾಡುವವರನ್ನು ಕಂಡರೆ, ಇವರಿಗೆ ಫೋನಿನ ಖರ್ಚು ಯಾಕೆ ಎನಿಸುತ್ತಿತ್ತು. ರಾತ್ರಿ ಹನ್ನೊಂದಾದ ಮೇಲೆ ಕಾಲು ದರ. ಆಗ ಸಾಲುಗಟ್ಟಿ ನಿಂತವರೆಲ್ಲ ಒಬ್ಬರಾದ ಮೇಲೊಬ್ಬರು ಒಳಗೆ ಹೋಗಿ ಒಂದೇ ಪ್ರಶ್ನೆ ಕೂಗುತ್ತಿದ್ದರು: "ಊಟ ಆಯ್ತಾ?" ನಡುರಾತ್ರಿಯಲ್ಲಿ ಊಟ ಆಗಿರದೆ ಇನ್ನೇನು? ಆದರೂ ಅದಕ್ಕೆ ಉತ್ತರ ಸಿಗುವವರೆಗೆ ಮುಂದಿನ ಮಾತು ಹೊರಡುತ್ತಿರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ದೇಶದ ಭೂಪಟ ನನಗೆ ಬಾಯಿಪಾಠವಾಗಿತ್ತು. ದೆಹಲಿ 011, ಬೊಂಬಾಯಿ 022, ಕಲ್ಕತ್ತ 033, ಮದ್ರಾಸು 044. ಮೈಸೂರು 0821, ಹುಬ್ಬಳ್ಳಿ 0836, ಮಂಗಳೂರು 0824. ಸಮಾಜ ವಿಜ್ಞಾನದಲ್ಲಿ ಇಷ್ಟು ನೆನಪಿದ್ದಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಹೆದರಬೇಕಾಗಿರಲಿಲ್ಲ.

ನಮ್ಮೂರಿನ ಉಸಿರು ಕೊಬ್ಬರಿ. ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎಂದರೆ ಉಂಡೆ ಕೊಬ್ಬರಿ ತಯಾರು. ಅದನ್ನು ತಿನ್ನುವವರು ಹೆಚ್ಚಾಗಿ ಉತ್ತರದವರು. ಹೀಗಾಗಿ ಹರಾಜಿನ ದಿನ ನಮ್ಮ ಬೂತಿನಿಂದ 011 ಬಿಡುವಿಲ್ಲದೆ ಹೋಗುತ್ತಿತ್ತು. ವರ್ಷವಿಡೀ ಅಟ್ಟ ಕಾದ ರೈತನ ಹಣೆಬರಹ ಆ ಗಾಜಿನ ಗೂಡಿನಲ್ಲಿ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು.

ಒಂದು ಬೆಳಿಗ್ಗೆ ಮಂಡಿಯ ಸಾಹುಕಾರರೊಬ್ಬರು ಬಂದರು. ಬಾಗಿಲ ಬಳಿ ಬೆಂಚಿನ ಮೇಲೆ ನಾಲ್ಕೈದು ಜನ ರೈತರು ಬೀಡಿ ಸೇದುತ್ತ ಕೂತಿದ್ದರು. ಸಾಹುಕಾರರು ಒಳಗೆ ಹೋಗಿ ನಂಬರ್ ಒತ್ತಿ, ನಮ್ಮೂರಿನ ಹಿಂದಿಯಲ್ಲಿ ಗುಡುಗಿದರು: "ಕ್ಯಾ? ಗಿರ್ ಗಯಾ? ದೋ ಸೌ ಗಿರ್ ಗಯಾ?" ಬೆಂಚಿನ ಮೇಲೆ ಬೀಡಿಗಳು ಆರಿದವು. ನನ್ನ ಎದೆ ಧಸಕ್ಕೆಂದಿತು. ಅಂದೇ ದೊಡ್ಡಪ್ಪ ಎಂಟು ಚೀಲ ಕೊಬ್ಬರಿ ತಂದಿದ್ದರು, ಬೆಲೆ ಏರಲಿ ಎಂದು ಕಾಯುತ್ತಿದ್ದರು. ಸಾಹುಕಾರರು ಹೊರಬಂದು "ಖಾತೆಗೆ ಬರ್ಕೊಳ್ಳೊ" ಎಂದು ಹೊರಟರು. ನಾನು ಬೂತನ್ನು ಹೋಟೆಲಿನವನ ಕೈಗೊಪ್ಪಿಸಿ ಸೈಕಲ್ ಹತ್ತಿದೆ. "ದೊಡ್ಡಪ್ಪ, ದೆಹಲೀಲಿ ಇನ್ನೂರು ಬಿದ್ದೋಗಿದೆ. ಈಗಲೇ ಕೊಟ್ಬಿಡಿ" ಎಂದು ಏದುಸಿರಿನಲ್ಲಿ ಹೇಳಿದೆ. ದೊಡ್ಡಪ್ಪ ನನ್ನ ತಲೆ ಸವರಿ, ಕೇಳಿದ ಬೆಲೆಗೆ ಕೊಟ್ಟುಬಿಟ್ಟರು. ಓದಿದ ಹುಡುಗ ಹೇಳಿದ ಮಾತು.

ಮುಂದಿನ ಹರಾಜಿನಲ್ಲಿ ಬೆಲೆ ಏರಿತು. ದೊಡ್ಡಪ್ಪ ಏನೂ ಅನ್ನಲಿಲ್ಲ. ದೊಡ್ಡಮ್ಮ ಮಾತ್ರ ಮನೆಗೆ ಬಂದು, ಇಬ್ಬರ ಪಾಲಿನದನ್ನೂ ಸೇರಿಸಿ ಅಂದರು.

ಆ ರಾತ್ರಿ ನಡೆದದ್ದೆಲ್ಲವನ್ನೂ ಮಾವನಿಗೆ ಒಪ್ಪಿಸಿದೆ. ಅವರು ಬೈಯಲಿಲ್ಲ. ಚೀಟಿಗಳನ್ನು ಚುಚ್ಚಿಡುವ ತಂತಿಯನ್ನು ಮುಂದಿಟ್ಟು, "ಆವತ್ತಿನ ಸಾಹುಕಾರರ ಚೀಟಿ ತೆಗಿ" ಎಂದರು. ಹುಡುಕಿದೆ. ಇರಲಿಲ್ಲ.

"ಮೀಟರ್ ಓಡ್ತಾ?"

ನಾನು ಮೀಟರ್ ನೋಡಿರಲೇ ಇಲ್ಲ. ಕಿವಿಯನ್ನು ಗಾಜಿಗಂಟಿಸಿ ಕೂತವನಿಗೆ ಕಣ್ಣೆಲ್ಲಿತ್ತೋ! ದೆಹಲಿಯಲ್ಲಿ ಯಾರೂ ಫೋನ್ ಎತ್ತಿರಲಿಲ್ಲ. ಎರಡು ನಿಮಿಷದ ಆ ಗುಡುಗೆಲ್ಲ ಹೊರಗಿನ ಬೆಂಚಿಗೆ, ಮತ್ತು ನನ್ನಂಥ ಜಾಣರಿಗೆ. ಆಮೇಲೆ ಗಮನಿಸಿದೆ, ನಿಜವಾದ ವ್ಯಾಪಾರದ ಮಾತನ್ನು ಅದೇ ಸಾಹುಕಾರರು ಗೋಡೆಗೆ ಮುಖ ಮಾಡಿ, ಬಾಯಿಗೆ ಟವೆಲ್ಲು ಅಡ್ಡ ಹಿಡಿದು ಆಡುತ್ತಿದ್ದರು. ಆಗ ಮೀಟರು ಎಕ್ಸ್‌ಪ್ರೆಸ್ಸಿನಂತೆ ಓಡುತ್ತಿತ್ತು.

ಜೂನ್ ಬಂತು. ನಾನು ಹೇಗೋ ಪಾಸಾಗಿ ಕಾಲೇಜು ಸೇರುವವನಿದ್ದೆ. ಕೊನೆಯ ದಿನ ಮಾವ ಸಂಬಳ ಎಣಿಸಿ ಕೊಟ್ಟು, "ಒಂದು ಫೋನ್ ಪುಕ್ಕಟೆ. ಯಾವೂರಿಗಾದರೂ ಮಾಡ್ಕೊ" ಎಂದರು. ನಾನು ಗೂಡಿನೊಳಗೆ ಹೋಗಿ ರಿಸೀವರ್ ಎತ್ತಿ ನಿಂತೆ. ಇಡೀ ದೇಶದ ಕೋಡು ನಾಲಿಗೆಯ ತುದಿಯಲ್ಲಿತ್ತು. ಕೋಡಿನ ಮುಂದೆ ಒತ್ತಲು ಒಂದೇ ಒಂದು ನಂಬರ್ ಇರಲಿಲ್ಲ. ನನ್ನ ನೆಂಟರೆಲ್ಲ ಸೈಕಲ್ ತುಳಿದರೆ ಸಿಗುವವರು.

ಕೊನೆಗೆ ನಮ್ಮ ಎದುರುಮನೆಯ ಟೀಚರಿಗೆ ಫೋನ್ ಮಾಡಿ, ಅಮ್ಮನನ್ನು ಕರೆಯಲು ಹೇಳಿದೆ. ಅಮ್ಮ ಕೈ ಒರೆಸಿಕೊಂಡು ಓಡಿ ಬಂದಿರಬೇಕು, ಏದುಸಿರು ಕೇಳಿತು. ಏನು ಮಾತಾಡುವುದೋ ತೋಚದೆ ನಾನು ಕೂಗಿದೆ:

"ಅಮ್ಮಾ, ಊಟ ಆಯ್ತಾ?"

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅಮ್ಮನ ಗಾಬರಿಯ ದನಿ: "ಯಾಕೋ ಹಾಗೆ ಕಿರುಚ್ತೀಯ? ಯಾವೂರಿಗೆ ಹೋಗಿದೀಯೋ?"

ಗಾಜಿನಾಚೆ ಮಾವನ ಕಣ್ಣು ಮೀಟರಿನ ಮೇಲಿತ್ತು. ಪಕ್ಕದ ಹೋಟೆಲಿನವರೆಲ್ಲ ಇತ್ತ ತಿರುಗಿ ನೋಡುತ್ತಿದ್ದರು. ಮಾವ ಮಾತ್ರ ಅಲುಗಲಿಲ್ಲ. ಅವರ ಕಿವಿ ಮನೆಯಲ್ಲಿತ್ತು.