ತೊಗರಿ ಹೊಲದಾಗ ಬ್ಯಾಟಲ್ ರಾಯಲ್

ನಮ್ಮಕ್ಕನ ಮಗ ಹೈದರಾಬಾದಿನ ಮಾಧಾಪುರದಲ್ಲಿ ಗೇಮ್ ಡಿಸೈನರ್. ಆಟ ಆಡುವುದಕ್ಕೆ ಸಂಬಳ ಕೊಡುತ್ತಾರೆ ಅಂತ ಗೊತ್ತಾದ ದಿನ ನಮ್ಮ ಭಾವನವರು ಕಲಬುರಗಿಯಲ್ಲಿ ಎರಡು ಹೊತ್ತು ಊಟ ಬಿಟ್ಟಿದ್ದರು. ಇದೇ ಆಟದ ಕಾರಣಕ್ಕೆ ಹುಡುಗನ ಮೊಬೈಲ್ ಕಸಿದು ಟ್ರಂಕಿನಲ್ಲಿಟ್ಟು ಬೀಗ ಜಡಿದವರು ಅವರೇ.

ಹೋದ ಭಾನುವಾರ ಕಾಚಿಗುಡಾದ ಇರಾನಿ ಹೋಟೆಲಿನಲ್ಲಿ ಅಳಿಯ ಸಿಕ್ಕ. ಉಸ್ಮಾನಿಯಾ ಬಿಸ್ಕತ್ತು ಚಹಾದಲ್ಲಿ ಅದ್ದಿ ಹಿಡಿದವನು ಅದನ್ನು ಮರೆತು ಹೊಸ ಗೇಮಿನ ಕಥೆ ಶುರು ಮಾಡಿದ.

"ಮಾಮಾ, ಮೊದ್ಲು ತೊಗರಿ ಬೆಳೀಬೇಕ್ರಿ. ರಾಶಿ ಆದ್ಮ್ಯಾಲ ಪಕ್ಕದ ಹೊಲದೋರ ಜೋಡಿ ಬ್ಯಾಟಲ್ ರಾಯಲ್. ನೂರು ಮಂದಿಯೊಳಗ ಒಬ್ಬನೇ ಉಳೀಬೇಕು. ಉಳಿದಾಂವ ಒಂದೇ ಬಣ್ಣದ ಮೂರು ಹಳ್ಳು ಕೂಡಿಸಿ ಗೋದಾಮು ತೆಗೀತಾನ. ಗೋದಾಮಿನಾಗ ಇಸ್ಪೀಟು. ಅದರಾಗ ಗೆದ್ರ ಮನಿ ಡೆಕೋರೇಶನ್."

"ತೊಂಬತ್ತೊಂಬತ್ತು ಮಂದಿ ರೈತರು ಸತ್ತ ಮ್ಯಾಲ ತೊಗರಿ ಕೊಳ್ಳೋರ್ಯಾರೋ?"

"ಮೀಟಿಂಗಿನಾಗ ಯಾರೂ ಹಿಂಗ ಕೇಳ್ಲಿಲ್ರಿ," ಅಂದ. ಬಿಸ್ಕತ್ತು ಮುರಿದು ಚಹಾದ ತಳ ಸೇರಿತ್ತು.

ಆ ಮೀಟಿಂಗಿನ ವರ್ಣನೆ ಕೇಳಿದೆ. ಕಂಪನಿಯ ಹೆಸರು ಬೇಡ. ಒಬ್ಬರು ರಜೆಯಲ್ಲಿ ಆಡಿದ ಗೇಮು ನೆನಪಾಗಿ ಒಂದು ಜಾನರ್, ಅಂದರೆ ಆಟದ ಬಗೆ, ಸೇರಿಸಿದರು. ಇನ್ನೊಬ್ಬರ ಮಗಳಿಗೆ ಮನೆ ಸಿಂಗರಿಸುವ ಗೇಮು ಇಷ್ಟ, ಅದೂ ಬಂತು. ದುಡ್ಡು ಹಾಕಿದವರಿಗೆ ಕಾರು ಬೇಕಿತ್ತು, ತೊಗರಿ ಸಾಲಿನ ನಡುವೆ ಈಗ ರೇಸ್ ಟ್ರ್ಯಾಕ್ ಇದೆ. ನಮ್ಮ ಸಾಹಿತ್ಯ ಸಮ್ಮೇಳನದ ಆಮಂತ್ರಣ ಪತ್ರಿಕೆ ತಯಾರಾಗುವುದೂ ಹೀಗೆಯೇ. ಹೆಸರು ಸೇರಿಸುವ ಅಧಿಕಾರ ಎಲ್ಲರಿಗೂ ಉಂಟು, ತೆಗೆಯುವ ಧೈರ್ಯ ಯಾರಿಗೂ ಇಲ್ಲ.

ಹೈದರಾಬಾದಿನ ಮೇಲೆ ಬರೆಯುವವರು ಈ ಜಾಗದಲ್ಲಿ ಬಿರಿಯಾನಿಯ ಉಪಮೆ ಕೊಡಬೇಕೆಂಬ ಅಲಿಖಿತ ಕಾನೂನಿದೆ. ಅದು ಬಿರಿಯಾನಿಗೆ ಮಾಡುವ ಅವಮಾನ. ಅಲ್ಲಿ ಅಕ್ಕಿ ಮತ್ತು ಮಾಂಸ ಒಂದೇ ದಮ್ಮಿನಲ್ಲಿ ಬೇಯುತ್ತವೆ. ಇವರದು ಮದುವೆ ಮನೆಯ ಬಫೆ ತಟ್ಟೆ, ಜಾಮೂನಿನ ಪಾಕ ಹರಿದು ಸಾರಿಗೆ ಸೇರಿದೆ.

ಬೆರಕೆ ನಮ್ಮ ಸೀಮೆಯವರಿಗೆ ಹೊಸದಲ್ಲ ಬಿಡಿ. 'ಹೈದರಾಬಾದ್ ಕರ್ನಾಟಕ' ಎಂಬ ಎರಡು ಜಾನರಿನ ಹೆಸರು ಹೊತ್ತು ಬೆಳೆದೆವು. 2019ರಲ್ಲಿ ಒಂದು ಆದೇಶ ಹೊರಟು 'ಕಲ್ಯಾಣ ಕರ್ನಾಟಕ'ದವರಾದೆವು. ರಸ್ತೆಯ ಗುಂಡಿಗಳಿಗೆ ಮಾತ್ರ ಆದೇಶದ ಪ್ರತಿ ಇನ್ನೂ ತಲುಪಿಲ್ಲ.

ಬೆರಕೆ ಕೂಡಿಬಂದ ಗೇಮುಗಳೂ ಇವೆ. 2007ರ 'ಪಜಲ್ ಕ್ವೆಸ್ಟ್'ನಲ್ಲಿ ತಲೆಬುರುಡೆಯ ಹಳ್ಳು ಕೂಡಿಸಿದರೆ ಅದೇ ಎದುರಿನ ರಾಕ್ಷಸನಿಗೆ ಬೀಳುವ ಪೆಟ್ಟು. ಒಗಟು ಬಿಡಿಸಿದ ಮೇಲೆ ಎದ್ದು ಹೋಗಿ ಬೇರೆ ಯುದ್ಧ ಮಾಡಬೇಕಿಲ್ಲ. 2015ರ 'ರಾಕೆಟ್ ಲೀಗ್'ನಲ್ಲಿ ಕಾರು ಓಡಿಸುವುದೇ ಚೆಂಡು ಒದೆಯುವುದು. 'ಕ್ರಿಪ್ಟ್ ಆಫ್ ದ ನೆಕ್ರೋಡಾನ್ಸರ್'ನಲ್ಲಿ ತಾಳಕ್ಕೆ ಹೆಜ್ಜೆ ಹಾಕಿದವನೇ ನೆಲಮಾಳಿಗೆಯ ದೆವ್ವಗಳಿಂದ ಬದುಕಿ ಬರುತ್ತಾನೆ. ಹೆಬ್ಬೆರಳು ಮಾಡುವ ಕೆಲಸ ಒಂದೇ, ಫಲ ಎರಡು. ಇದೇ ಹೈದರಾಬಾದಿನ 'ಹಿಟ್‌ವಿಕೆಟ್' ಕ್ರಿಕೆಟ್ಟಿಗೆ ಸ್ಟ್ರಾಟೆಜಿ ಬೆರೆಸುವಾಗ ನಿಮ್ಮ ಕೈಯಿಂದ ಬ್ಯಾಟನ್ನೇ ಕಸಿದುಕೊಂಡಿತು. ತಂಡ ಆರಿಸು, ಬೆಳೆಸು, ಯಾರನ್ನು ಎಲ್ಲಿ ಆಡಿಸಬೇಕು ಹೇಳು. ಟಿವಿ ಮುಂದೆ ಕೂತ ಪ್ರತಿ ಭಾರತೀಯನೂ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವದು. 2020ರಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯ ಗೇಮ್ ವಿಭಾಗದಲ್ಲಿ ಗೆದ್ದಿದ್ದು ಅದೇ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನು ನನ್ನನ್ನು ಕರುಣೆಯಿಂದ ನೋಡಿ, "ಮಾಮಾ, ಈಗ ಎಲ್ಲಾ ಹೈಬ್ರಿಡ್ ಕ್ಯಾಶುವಲ್ ಅದರಿ," ಅಂದ. ಹೈಬ್ರಿಡ್ ಅಂದರೆ ಎರಡು ಬಗೆಯ ಆಟವೇನೋ ಅಂದುಕೊಂಡೆ. ಕೆದಕಿ ಕೇಳಿದಾಗ ಹೊರಬಿದ್ದಿದ್ದು ಬೇರೆ. ಮುಖ್ಯ ಬೆರಕೆ ಇರುವುದು ಗಲ್ಲಾಪೆಟ್ಟಿಗೆಯಲ್ಲಂತೆ. ಜಾಹೀರಾತು ತೋರಿಸಿಯೂ ದುಡ್ಡು, ಒಳಗೆ ಸಾಮಾನು ಮಾರಿಯೂ ದುಡ್ಡು. ಆಟ ಯಾವುದಾದರೂ ನಡೆಯುತ್ತದೆ, ಬಿತ್ತನೆ ಜೋಳದ ಚೀಲದ ಮೇಲೆ 'ಹೈಬ್ರಿಡ್' ಅಂತ ಅಚ್ಚು ಹಾಕಿದ ಹಾಗೆ.

ಆಟಕ್ಕೆ ಗಲ್ಲಾಪೆಟ್ಟಿಗೆ ಬೆರೆಸುವ ವಿದ್ಯೆಗೆ ಈ ಊರಿನಲ್ಲಿ ದೊಡ್ಡ ಪರಂಪರೆಯೇ ಇದೆ. 1963ರಲ್ಲಿ ಸಿಕಂದರಾಬಾದಿನ ಒಂದು ರಿಕ್ರಿಯೇಶನ್ ಕ್ಲಬ್ಬಿನ ಮೇಲೆ ಪೊಲೀಸರು ದಾಳಿ ಮಾಡಿ ರಮ್ಮಿ ಆಡುತ್ತಿದ್ದವರನ್ನು ಹಿಡಿದರು. ಹಾಕಿದ ಕೇಸು ನಿಜಾಮರ ಕಾಲದ, 1305 ಫಸಲಿಯ ಜೂಜು ಕಾಯ್ದೆಯಡಿ. ಅಲೆದಲೆದು ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಗೇಮಿಗೆ ಜಾನರ್ ನಿರ್ಧರಿಸುವ ಕೆಲಸ ನ್ಯಾಯಮೂರ್ತಿಗಳ ಪಾಲಿಗೆ ಬಂತು. ಬಿದ್ದ ಎಲೆ ನೆನಪಿಡಬೇಕು, ಯಾವುದು ಹಿಡಿಯಬೇಕು ಯಾವುದು ಎಸೆಯಬೇಕು ತಿಳಿಯಬೇಕು, ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು 1967ರ ನವೆಂಬರಿನಲ್ಲಿ ತೀರ್ಪಾಯಿತು. ಪಣದ ಆಟದಿಂದ ಕ್ಲಬ್ಬಿನ ಮಾಲೀಕ ಲಾಭ ಮಾಡಿಕೊಂಡರೆ ಅದು ಅಪರಾಧವಾದೀತು ಎಂಬ ಮಾತೂ ಅದೇ ತೀರ್ಪಿನಲ್ಲಿದೆ. ಮುಂದೆ ಮೊಬೈಲಿನಲ್ಲಿ ಕ್ಲಬ್ಬು ತೆರೆದವರಿಗೆ ಮೊದಲನೇ ಮಾತು ಬಾಯಿಪಾಠವಾಯಿತು. ಎರಡನೆಯದನ್ನು ಓದುವಷ್ಟರಲ್ಲಿ ಕರೆಂಟು ಹೋಗಿರಬೇಕು.

ಆಮೇಲೆ ಜಾನರ್ ಎಂಬುದು ಋತುಮಾನಕ್ಕೆ ತಕ್ಕಂತೆ ಬದಲಾಯಿತು. 2017ರಲ್ಲಿ ತೆಲಂಗಾಣ ಸರ್ಕಾರ ಆನ್‌ಲೈನ್ ರಮ್ಮಿ ನಿಷೇಧಿಸಿತು. ಸಿಕಂದರಾಬಾದಿನಲ್ಲಿ ಗೆದ್ದ ಆಟ ಸಿಕಂದರಾಬಾದಿನಲ್ಲೇ ಸೋತಿತು. 2021ರಲ್ಲಿ ಕರ್ನಾಟಕವೂ ಪಣದ ಆನ್‌ಲೈನ್ ಆಟಗಳ ಮೇಲೆ ಕಾನೂನು ತಂದಿತು, 2022ರ ಪ್ರೇಮಿಗಳ ದಿನ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೃಷ್ಣಾ ನದಿಯ ಸೇತುವೆ ದಾಟಿ ರಾಯಚೂರು ಜಿಲ್ಲೆಗೆ ಬಂದರೆ ಕೌಶಲ, ವಾಪಸು ಹೋದರೆ ಜೂಜು ಅಂತಾಯಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ನಮಗೆ ಬೇಕಿಲ್ಲ, ಆನ್‌ಲೈನ್ ಆಟದಲ್ಲಿ ಪಣಕ್ಕೆ ದುಡ್ಡು ಇಟ್ಟರೆ ಬಂದ್ ಅಂದಿತು. 58 ವರ್ಷದ ಜಾನರ್ ಚರ್ಚೆ ಎರಡು ದಿನದಲ್ಲಿ ಮುಗಿಯಿತು.

ಯುರೋಪಿನವರದು ಇನ್ನೂ ಮಜಾ. 2024ರಲ್ಲಿ ಬಂದ 'ಬಲಾಟ್ರೊ' ಪೋಕರಿನ ಎಲೆಗಳನ್ನು, ಸೋತಾಗಲೆಲ್ಲ ಮೊದಲಿನಿಂದ ಆಡಬೇಕಾದ ರೋಗ್‌ಲೈಕ್ ಜಾನರಿಗೆ ಬೆರೆಸಿದ ಅಪ್ಪಟ ಗೇಮು. ಪಣವಿಲ್ಲ, ಒಳಗೆ ಒಂದು ಪೈಸೆಯ ವ್ಯಾಪಾರವಿಲ್ಲ. ಪೋಕರ್ ಕಲಿಸುತ್ತದೆ ಅಂತ ಅಲ್ಲಿನ ರೇಟಿಂಗ್ ಸಂಸ್ಥೆ ಅದಕ್ಕೆ 18 ವರ್ಷದ ಮುದ್ರೆ ಒತ್ತಿತು. ಆಮೇಲೆ ನಾಚಿಕೆಯಾಗಿ 12ಕ್ಕೆ ಇಳಿಸಿತು ಅನ್ನಿ. ರೊಕ್ಕ ಕೊಟ್ಟು ಪೊಟ್ಟಣ ಒಡೆದು ಒಳಗೆ ಯಾವ ಆಟಗಾರ ಬಂದ ಅಂತ ನೋಡುವ ಫುಟ್‌ಬಾಲ್ ಗೇಮಿಗೆ ಅದೇ ಸಂಸ್ಥೆ 3 ವರ್ಷದ ಕೂಸೂ ಆಡಬಹುದು ಅಂದಿತ್ತು. ಎಲೆ ಕಂಡರೆ ಜೂಜು, ಚೆಂಡು ಕಂಡರೆ ವ್ಯಾಯಾಮ.

ಅಳಿಯನ ಗೇಮಿನಿಂದ ಇಸ್ಪೀಟನ್ನು ಈಗ ತೆಗೆದಿದ್ದಾರೆ. ಕಾನೂನು ವಿಭಾಗದವರ ಸಲಹೆಯಂತೆ. ಇಡೀ ಯೋಜನೆಯಲ್ಲಿ ಏನನ್ನಾದರೂ ತೆಗೆದ ಏಕೈಕ ಡಿಸೈನರ್ ಅಂದರೆ ಆ ವಕೀಲರೇ.

ಪರೀಕ್ಷೆಗೆಂದು ಗೇಮನ್ನು ನಮ್ಮಕ್ಕನ ಫೋನಿಗೂ ಹಾಕಿದ್ದ. ಇನ್ನೊಂದು ಚಹಾ ಬರುವಷ್ಟರಲ್ಲಿ ಅವಳದೇ ಫೋನ್ ಬಂತು. ಸ್ಪೀಕರಿಗೆ ಹಾಕಿದ. ಮೂರು ವಾರದಿಂದ ಅಕ್ಕ ತೊಗರಿಯೊಂದನ್ನೇ ನೋಡಿಕೊಂಡಿದ್ದಾಳೆ. ರೇಸಿಗೆ ಹೋಗಿಲ್ಲ, ಮನೆ ಸಿಂಗರಿಸಿಲ್ಲ. ಯುದ್ಧದ ಗುಂಡಿಯ ಮೇಲೆ ಕೆಂಪು ಚುಕ್ಕೆಯೊಳಗೆ 99 ಅಂತ ಬರೆದು ಕೂತಿದೆಯಂತೆ, ಅದೇನು ಜ್ವರದ ಡಿಗ್ರಿಯೋ ಅಂತ ಕೇಳಿದಳು.

"ಅದಿರ್ಲಿ, ತೊಗರಿ ಒಣಗ್ಲತ್ತದ ನೋಡಪ. ನೀರು ಬಿಡ್ಲಕ 49 ರೂಪಾಯಿ ಕೇಳ್ತದ. ನಮ್ಮ ಖರೇ ಹೊಲದಾಗ ಮಳಿ ಬಂದ್ರ ಯಾರರೆ ರೊಕ್ಕ ಕೇಳ್ತಾರೇನೋ?"

ಅಳಿಯ ಸಾಸರು ಕೆಳಗಿಟ್ಟು ಫೋನಿನ ನೋಟ್ಸಿನಲ್ಲಿ ಬರೆದುಕೊಂಡ: 'ಮಳೆ. ತಿಂಗಳಿಗೆ 99. ನಾಳಿನ ಮೀಟಿಂಗಿಗೆ.'