ಕಾಫಿ ಬಾಣಲೆಗೊಂದು ಬೆಸುಗೆ

ಕಾಫಿ ಬೀಜವನ್ನು ಮನೆಯಲ್ಲೇ ಹುರಿಯುವ ಚಟ ಹತ್ತಿದವರು ಇವತ್ತಲ್ಲ ನಾಳೆ ವೆಲ್ಡಿಂಗ್‌ಗೂ ಕೈ ಹಾಕುತ್ತಾರೆ. ಎಲ್ಲಿಯ ಕಾಫಿ, ಎಲ್ಲಿಯ ವೆಲ್ಡಿಂಗ್ ಎನ್ನುತ್ತೀರಾ? ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ. ಬೀಜ ಸುಮಾರು 200 ಡಿಗ್ರಿಯ ಹೊತ್ತಿಗೆ ಚಟಪಟ ಸಿಡಿಯುತ್ತದೆ. ಅಲ್ಲಿಂದ ಮುಂದಿನ ಹತ್ತಿಪ್ಪತ್ತು ಡಿಗ್ರಿಯೊಳಗೆ ರುಚಿಯ ಹಣೆಬರಹ ತೀರ್ಮಾನವಾಗುತ್ತದೆ. ನಮ್ಮಜ್ಜಿ ಬಣ್ಣ ನೋಡಿ, ಘಮ ಹಿಡಿದು ಬಾಣಲೆ ಇಳಿಸುತ್ತಿದ್ದರು. ಮೊಮ್ಮಗನ ಮೂಗು ನೆಗಡಿಗಷ್ಟೇ ಮೀಸಲು. ಅವನಿಗೆ ಮೀಟರ್ ಬೇಕು.

ಮೀಟರಿಗೆ ಥರ್ಮೋಕಪಲ್ ಬೇಕು. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಕೂಡಿಸಿ ಬಿಸಿ ಮಾಡಿದರೆ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ, ಅಷ್ಟೇ ಅದರ ಗುಟ್ಟು. 1821ರಲ್ಲಿ ಇದನ್ನು ಕಂಡ ಸೀಬೆಕ್ ಮಹಾಶಯರು ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು ನೋಡಿ, ಇದು ಕಾಂತದ ಮಹಿಮೆ ಎಂದೇ ನಂಬಿದ್ದರು. ನನ್ನ ಹತ್ತಿರ ಇದ್ದದ್ದು ಕೆ ಟೈಪ್: ಒಂದು ತಂತಿ ಕ್ರೋಮೆಲ್, ಇನ್ನೊಂದು ಅಲ್ಯೂಮೆಲ್. ಯಾವುದು ಯಾವುದೆಂದು ಗೊಂದಲವಾದರೆ ಮ್ಯಾಗ್ನೆಟ್ ಹಿಡಿಯಿರಿ, ಅಂಟಿಕೊಳ್ಳುವುದು ಅಲ್ಯೂಮೆಲ್. ಡಿಗ್ರಿಗೆ ಹುಟ್ಟುವುದು ಬರೀ 41 ಮೈಕ್ರೋವೋಲ್ಟ್. ತುದಿಗಳನ್ನು ಸುಮ್ಮನೆ ಹೊಸೆದಿಟ್ಟರೆ ಕಾವಿಗೆ ಕರಕು ಹಿಡಿದು ಅಷ್ಟೂ ದಕ್ಕುವುದಿಲ್ಲ. ಸೋಲ್ಡರ್ ಮಾಡೋಣವೆಂದರೆ ಸೀಸ–ತವರದ ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ. ಬೀಜ ಸಿಡಿಯುವ ಮೊದಲೇ ಸೀಸ ಬಾಣಲೆಗೆ ಬಿದ್ದಿರುತ್ತದೆ. ಆ ಡಿಕಾಕ್ಷನ್ನಿನ ರುಚಿ ನನಗೂ ಬೇಡ, ನಿಮಗೂ ಬೇಡ.

ಉಳಿದದ್ದು ವೆಲ್ಡಿಂಗ್ ಒಂದೇ. ಬೀದಿ ಕೊನೆಯಲ್ಲಿ ಗೇಟು, ಗ್ರಿಲ್ಲು ಮಾಡುವವರ ಬಳಿ ಅರ್ಧ ಮಿಲಿಮೀಟರಿನ ಆ ತಂತಿ ಒಯ್ದೆ. ಅವರು ಅದನ್ನು ಬೆಳಕಿಗೆ ಹಿಡಿದು, "ಸಾರ್, ಇದಕ್ಕೆ ರಾಡ್ ಮುಟ್ಟಿಸಿದರೆ ನಿಮಗೆ ಹೊಗೆ ವಾಪಸ್ ಕೊಡ್ತೀನಿ" ಎಂದರು. ಅನುಭವಸ್ಥರ ಮಾತು. ಹಾಗಾಗಿ, ಕೆಪಾಸಿಟರಿನಲ್ಲಿ ವಿದ್ಯುತ್ ತುಂಬಿಟ್ಟು ಒಮ್ಮೆಲೇ ಸುರಿದು ನಾನೇ ಬೆಸೆಯೋಣವೆಂದು ದಾರಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಗೆ ತಿರುಗಿತು. ಅಲ್ಲಿ ಹಳೆಯ ಆಂಪ್ಲಿಫೈಯರಿನಿಂದ ಕಿತ್ತ ಕೆಪಾಸಿಟರ್ ಒಂದು ಸಿಕ್ಕಿತು: 10,000 ಮೈಕ್ರೋಫ್ಯಾರಡ್, 63 ವೋಲ್ಟ್. ಎಷ್ಟು ಗಣೇಶೋತ್ಸವಗಳ ಆರ್ಕೆಸ್ಟ್ರಾ ಕೇಳಿತ್ತೋ ಪಾಪ.

ಇದಕ್ಕೆ 40 ವೋಲ್ಟ್ ತುಂಬಿದರೆ ಒಳಗೆ ಕೂರುವುದು 8 ಜೂಲ್. ಒಂದು ಕೆ.ಜಿ. ಸಕ್ಕರೆ ಪೊಟ್ಟಣವನ್ನು ನೆಲದಿಂದ ಅಡುಗೆ ಕಟ್ಟೆಗೆ ಎತ್ತಿಡಲು ಬೇಕಾದಷ್ಟು. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ಅಷ್ಟನ್ನೂ ಒಂದು ಮಿಲಿಸೆಕೆಂಡಿನಲ್ಲಿ ಸುರಿದರೆ ಆ ಕ್ಷಣದ ಮಟ್ಟಿಗೆ 8 ಕಿಲೋವಾಟ್! ವೋಲ್ಟೇಜ್ ಅರ್ಧಕ್ಕೆ ಇಳಿಸಿದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ಹದ ಹಿಡಿಯಬೇಕಾದದ್ದು ವೋಲ್ಟೇಜಿನಲ್ಲೇ. ಈ ಕೆಪಾಸಿಟರಿನ ಮೂಲಪುರುಷ ಲೈಡನ್ ಜಾಡಿ. 1746ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ದೊರೆಯ ಎದುರಿಗೇ 180 ಕಾವಲುಗಾರರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಜಾಡಿಯ ಶಾಕ್ ಕೊಟ್ಟು ಒಟ್ಟಿಗೆ ಕುಣಿಸಿದ. ಇದನ್ನು ನಮ್ಮಾಕೆಗೆ ಹೇಳಿದ್ದೇ ತಡ, ಪ್ರಯೋಗಶಾಲೆ ಊಟದ ಮೇಜಿನಿಂದ ಬಾಲ್ಕನಿಗೆ ವರ್ಗವಾಯಿತು.

ಉಳಿದ ಸಾಮಾನು ಮನೆಯದೇ. 100 ಓಮ್‌ನ ದಪ್ಪ ರೆಸಿಸ್ಟರ್ ಮೂಲಕ ತುಂಬಿದರೆ ಐದಾರು ಸೆಕೆಂಡಿನಲ್ಲಿ ಭರ್ತಿ. ಪ್ಲಸ್ಸು ಮೈನಸ್ಸು ಅದಲು ಬದಲಾಗಕೂಡದು, ಕೆಪಾಸಿಟರ್ ಸಿಡಿದೀತು. ಹಳೆಯ ಟಾರ್ಚ್ ಸೆಲ್ಲಿನ ಇದ್ದಿಲ ಕಡ್ಡಿ ಒಂದು ಧ್ರುವ. ಹೊಸೆದ ತಂತಿಗಳನ್ನು ಕಚ್ಚಿ ಹಿಡಿದ ಇಕ್ಕಳ ಇನ್ನೊಂದು. ನಡುವಿನ ಕೇಬಲ್ ದಪ್ಪಗೂ ಗಿಡ್ಡಗೂ ಇರಬೇಕು, ಇಲ್ಲವಾದರೆ ಶಕ್ತಿಯೆಲ್ಲ ದಾರಿಯಲ್ಲೇ ಕರಗುತ್ತದೆ. ಕಣ್ಣಿಗೆ ಕನ್ನಡಕ, ಕೈಯಲ್ಲಿ ಇಕ್ಕಳ, ಬಾಯಲ್ಲಿ ದೇವರ ನಾಮ. ಮುಟ್ಟಿಸಿದರೆ 'ಟಪ್'! 20 ವೋಲ್ಟಿಗೆ ಬರೀ ಕಿಡಿ, 55ಕ್ಕೆ ತಂತಿಯ ತುದಿಯೇ ನಾಪತ್ತೆ. 40ರ ಆಸುಪಾಸಿನಲ್ಲಿ ಎರಡೂ ಲೋಹ ಕರಗಿ, ಸಾಸಿವೆಗಿಂತ ಚಿಕ್ಕದೊಂದು ಹೊಳೆಯುವ ಗುಂಡು.

ಅದನ್ನು ಕುದಿಯುವ ನೀರಿಗೆ ಅದ್ದಿದಾಗ ಮೀಟರ್ 97 ತೋರಿಸಿತು. "ನೂರು ಬರಬೇಕಲ್ವೇನ್ರೀ? ಹಾಳಾಯ್ತಾ?" ಎಂದು ನಮ್ಮಾಕೆಗೆ ಒಳಗೊಳಗೇ ಖುಷಿ. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97ಕ್ಕೇ ಕುದಿಯುತ್ತದೆ. ಬೆಸುಗೆ ಸರಿಯಾಗಿಯೇ ಇತ್ತು. ಕಾಫಿ ಅಜ್ಜಿಯದಕ್ಕಿಂತ ಒಂದು ಕೈ ಕಡಿಮೆಯೇ, ಆ ಮಾತು ಬೇರೆ.

ನೀವೂ ಮಾಡುವುದಾದರೆ ಒಂದು ಮಾತು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ಗಂಟೆಗಟ್ಟಲೆ ಚಾರ್ಜ್ ಹಿಡಿದುಕೊಂಡಿರುತ್ತದೆ. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಇಟ್ಟು ಸೊನ್ನೆ ಕಂಡ ಮೇಲಷ್ಟೇ ಕೈ ಹಾಕಿ.