ಸಾಗರಗಾಮಿ ಗೃಹಸ್ಥ

ಅರವತ್ತು ದಾಟಿ, ಮಕ್ಕಳೆಲ್ಲ ತಂತಮ್ಮ ದಾರಿ ಹಿಡಿದ ಮೇಲೆ, ತಾನು ಬೆಳೆಸಿದ ವ್ಯಾಪಾರವನ್ನು ಒಳ್ಳೆಯ ಬೆಲೆಗೆ ಮಾರಿ, ಇನ್ನು ಯಾರ ಹಂಗೂ ಬೇಡ, ಗಡಿಯಾರದ ದಾಸ್ಯವೂ ಬೇಡ ಎಂದು ಸಂಕಲ್ಪ ಮಾಡಿಕೊಂಡ ಅಮೆರಿಕದ ಗೃಹಸ್ಥನೊಬ್ಬನು, ಮನೆಯನ್ನೂ ಎರಡು ಕಾರುಗಳನ್ನೂ ಹುಲ್ಲು ಕತ್ತರಿಸುವ ಯಂತ್ರವನ್ನೂ ವಿಕ್ರಯಿಸಿ ಐವತ್ತು ಅಡಿಯ ಸಾಗರಗಾಮಿ ಮೋಟಾರು ನೌಕೆಯೊಂದನ್ನು ಕೊಂಡನೆಂದರೆ, ಆ ದಿನವೇ ಅವನು ಅತ್ಯಂತ ಕಟ್ಟುನಿಟ್ಟಾದ ಕಚೇರಿಯೊಂದರಲ್ಲಿ ಸಂಬಳವಿಲ್ಲದ ಗುಮಾಸ್ತನಾಗಿ ಸೇರಿದನೆಂದೇ ತಿಳಿಯಬೇಕು. ಆ ಕಚೇರಿಯ ಮೇಲಧಿಕಾರಿ ನೌಕೆಯ ಗರ್ಭದಲ್ಲಿ ಪ್ರತಿಷ್ಠಿತವಾಗಿರುವ ಡೀಸೆಲ್ ಎಂಜಿನ್. ಅದಕ್ಕೆ ಭಾನುವಾರವೂ ಇಲ್ಲ, ರಾತ್ರಿಯೂ ಇಲ್ಲ.

ಫ್ಲಾರಿಡದ ಫೋರ್ಟ್ ಲಾಡರ್‌ಡೇಲ್‌ನಿಂದ ಬರ್ಮುಡಕ್ಕೆ, ಅಲ್ಲಿಂದ ಆಸೋರಸ್ ದ್ವೀಪಗಳ ಹೋರ್ಟ ಬಂದರಿಗೆ, ಅಲ್ಲಿಂದ ಜಿಬ್ರಾಲ್ಟರಿಗೆ ಹೋಗುವ ಮಾರ್ಗದಲ್ಲಿ ಈತ ಎಲ್ಲಿ ಸಿಕ್ಕಿದರೂ ಗುರುತಿಸುವುದು ಕಷ್ಟವಲ್ಲ. ಬಿಳಿಯ ಅಂಗಿ, ಅದರ ಎಡತೋಳಿನ ಮೇಲೆ ಎಷ್ಟು ಒಗೆದರೂ ಹೋಗದ ಎಣ್ಣೆಯ ಕಲೆ. ಸೊಂಟದಲ್ಲಿ ಒಂದು ಟಾರ್ಚು, ಇನ್ನೊಂದು ಪಕ್ಕದಲ್ಲಿ ಪಿಸ್ತೂಲಿನಾಕಾರದ ಶಾಖಮಾಪಕ. ಕಡಲ್ಗಳ್ಳರಿಗೆ ಹೆದರಿ ಆಯುಧ ಧರಿಸಿದ್ದಾನೆಂದು ಅಪರಿಚಿತರು ಭ್ರಮಿಸುವುದುಂಟು. ಆದರೆ ಅವನು ಅದನ್ನು ಗುರಿಯಿಡುವುದು ಎಂಜಿನ್ನಿನ ಬೇರಿಂಗುಗಳಿಗೆ, ಹೊಗೆಕೊಳವೆಗೆ, ಆಲ್ಟರ್ನೇಟರಿಗೆ, ಅದೂ ಗಂಟೆಗೊಮ್ಮೆ. ಪ್ರತಿಯೊಂದರ ಉಷ್ಣಾಂಶವನ್ನು ದಪ್ಪ ರಟ್ಟಿನ ದಫ್ತರದಲ್ಲಿ ಬರೆದು, ಹಿಂದಿನ ಗಂಟೆಯದರೊಡನೆ ತಾಳೆನೋಡಿ, ಒಂದು ಡಿಗ್ರಿ ಏರಿದ್ದರೆ ಮುಖ ಬಾಡಿಸಿಕೊಂಡು, ಇಳಿದಿದ್ದರೆ ಅದೇಕೆ ಇಳಿಯಿತೆಂದು ಮತ್ತಷ್ಟು ಬಾಡಿಸಿಕೊಳ್ಳುತ್ತಾನೆ.

ಮಾತಿಗೆ ಕುಳಿತನೆಂದರೆ ಮೊದಲು ತನ್ನ ಗುರುಪರಂಪರೆಯನ್ನು ಹೇಳದೆ ಬಿಡನು. ೧೯೧೨ರಲ್ಲಿ ಥಾಮಸ್ ಫ್ಲೆಮಿಂಗ್ ಡೇ ಎಂಬ ಪತ್ರಿಕಾ ಸಂಪಾದಕನು ಮೂವರು ಸಂಗಡಿಗರೊಡನೆ ‘ಡೆಟ್ರಾಯಿಟ್’ ಎಂಬ ೩೫ ಅಡಿಯ ಪೆಟ್ರೋಲ್ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಮುಟ್ಟಿದ್ದು. ೧೯೩೬ರಲ್ಲಿ ಮರಾಂ ಮರೀ ಎಂಬ ಫ್ರೆಂಚ್ ಚಿತ್ರಕಾರನು ಮೋಟಾರು ದೋಣಿಯೊಂದರಲ್ಲಿ ಏಕಾಂಗಿಯಾಗಿ ನ್ಯೂಯಾರ್ಕಿನಿಂದ ತನ್ನ ದೇಶಕ್ಕೆ ಮರಳಿದ್ದು. ಇವೆಲ್ಲ ಅವನಿಗೆ ಪುರಾಣ. ಕುಲದೇವತೆಯ ಸ್ಥಾನ ಮಾತ್ರ ಅಮೆರಿಕದ ನೌಕಾದಳದಿಂದ ನಿವೃತ್ತನಾದ ರಾಬರ್ಟ್ ಬೀಬಿಗೆ ಮೀಸಲು. ಸಿಂಗಪುರದಲ್ಲಿ ಕಟ್ಟಿಸಿದ ‘ಪ್ಯಾಸೇಜ್‌ಮೇಕರ್’ ನೌಕೆಯಲ್ಲಿ ೧೯೬೩ರಲ್ಲಿ ಹಿಂದೂ ಮಹಾಸಾಗರವನ್ನು ದಾಟಿ ಗ್ರೀಸಿನತ್ತ ಹೋದ ಈ ಮಹನೀಯನು ೧೯೭೫ರಲ್ಲಿ ಪ್ರಕಟಿಸಿದ ಗ್ರಂಥವೇ ಈ ಪಂಥದವರಿಗೆಲ್ಲ ಪಾರಾಯಣಯೋಗ್ಯವಾದದ್ದು.

ಇಷ್ಟು ಕೇಳಿದವರು ಈತನ ನೌಕೆ ಬಾಣದಂತೆ ಹೋಗುವುದೆಂದು ಊಹಿಸಿದರೆ ಅದು ಅವರ ತಪ್ಪಲ್ಲ. ವಾಸ್ತವದಲ್ಲಿ ಅದರ ಗಮನ ಆರೂವರೆ ನಾಟ್, ಅಂದರೆ ಗಂಟೆಗೆ ಸುಮಾರು ೧೨ ಕಿಲೋಮೀಟರ್. ಸೈಕಲ್ಲಿನ ಮೇಲೆ ಅಂಚೆ ಹಂಚುವವನೂ ನಾಚುವಂಥ ವೇಗ. ಭಾರವಾದ ಒಡಲಿನ ನೌಕೆ ನೀರಿನ ಮೇಲೆ ಜಾರುವುದಿಲ್ಲ, ಅದನ್ನು ಸೀಳಿಕೊಂಡೇ ಹೋಗಬೇಕು. ನೀರಿಗೆ ತಾಗಿರುವ ಅದರ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ೧.೩೪ರಿಂದ ಗುಣಿಸಿದರೆ ಬರುವ ಸಂಖ್ಯೆಯೇ ಸರಿಸುಮಾರಾಗಿ ಅದರ ವೇಗದ ಮೇರೆ. ೩೬ ಅಡಿಗೆ ೮ ನಾಟ್. ಅದನ್ನು ಮೀರಿಸಹೊರಟರೆ ನೌಕೆ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಲು ಹೆಣಗುತ್ತ, ತೈಲವನ್ನು ಕುಡಿಯುವುದೊಂದೇ ಲಾಭ. ಆದರೆ ಆ ಮೇರೆಯವರೆಗೆ ಹೋಗುವ ಧೈರ್ಯವೂ ನಮ್ಮ ಗೃಹಸ್ಥನಿಗಿಲ್ಲ. ಬರ್ಮುಡದಿಂದ ಹೋರ್ಟಕ್ಕೆ ಸುಮಾರು ೧,೮೦೦ ನಾವಿಕ ಮೈಲಿ. ಆರೂವರೆ ನಾಟಿನಲ್ಲಿ ಹನ್ನೊಂದೂವರೆ ದಿನದ ದಾರಿ. ಏಳೂವರೆ ನಾಟಿನಲ್ಲಿ ಹೋದರೆ ಹತ್ತೇ ದಿನದಲ್ಲಿ ಮುಟ್ಟಬಹುದು, ಆದರೆ ತೈಲ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಬೇಕು. ನಡುಕಡಲಿನಲ್ಲಿ ಪೆಟ್ರೋಲ್ ಬಂಕಿಲ್ಲವೆಂಬ ಸತ್ಯ ಅವನ ಎದೆಯಲ್ಲಿ ಸದಾ ಮಿಡಿಯುತ್ತಿರುವುದರಿಂದ, ಕೋಟಿಗಟ್ಟಲೆ ಬಾಳುವ ನೌಕೆಯನ್ನು ಕಣ್ಣು ಮಿಟುಕಿಸದೆ ಕೊಂಡ ಈ ಧನಿಕನು ಲೀಟರ್ ಡೀಸೆಲ್ಲಿಗೆ ಜೀವ ಬಿಡುವ ಜಿಪುಣಾಗ್ರೇಸರನಾಗಿ ಪರಿಣಮಿಸುತ್ತಾನೆ.

ಬೀಬಿಯು ನೌಕಾದಳದಲ್ಲಿ ವಿಮಾನ ನಡೆಸಿದವನಾದ್ದರಿಂದ ವೈಮಾನಿಕರ ‘ಹೌ-ಗೋಸ್-ಇಟ್’ ಎಂಬ ರೇಖಾಚಿತ್ರವನ್ನು ಕಡಲಿಗೂ ತಂದನು: ಕ್ರಮಿಸಿದ ದೂರ ಒಂದು ಕಡೆ, ಉಳಿದ ತೈಲ ಇನ್ನೊಂದು ಕಡೆ, ನಡುವೆ ನಿರೀಕ್ಷೆಯ ಒಂದು ಗೆರೆ, ವಾಸ್ತವದ ಇನ್ನೊಂದು ಗೆರೆ. ಚೌಕುಳಿಯ ಕಾಗದದ ಮೇಲಿನ ಈ ಎರಡು ಗೆರೆಗಳು ನಮ್ಮ ಗೃಹಸ್ಥನ ಜಾತಕ. ಪೂರ್ವದಲ್ಲಿ ಸೂರ್ಯೋದಯದ ಓಕುಳಿಯಾಗುತ್ತಿದ್ದರೆ ಅವನು ಪೆನ್ಸಿಲನ್ನು ಕೆತ್ತುತ್ತಿರುತ್ತಾನೆ; ಡಾಲ್ಫಿನ್ನುಗಳ ಹಿಂಡು ಮೂತಿಯ ಮುಂದೆ ಕುಣಿಯುತ್ತಿದ್ದರೆ ಅವನು ತೈಲದ ತೊಟ್ಟಿಯ ಗಾಜಿನ ನಳಿಗೆಯ ಮುಂದೆ ಮಂಡಿಯೂರಿ, ಹಡಗು ಹೊಯ್ದಾಡುವಾಗ ಏರಿಳಿಯುವ ಮಟ್ಟದ ನಿಜವಾದ ನಡುಬಿಂದು ಯಾವುದೆಂದು ಧ್ಯಾನಿಸುತ್ತಿರುತ್ತಾನೆ.

ನೌಕೆಯ ಮೇಲೆ ಅವನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಅವನ ಪತ್ನಿಯನ್ನು ಅಡ್ಮಿರಲ್ ಎನ್ನುತ್ತಾರೆ. ಈ ಪದವಿಗಳು ಹಾಸ್ಯಕ್ಕೆ ಹುಟ್ಟಿದವಾದರೂ ಆಡಳಿತಕ್ರಮವನ್ನು ಯಥಾರ್ಥವಾಗಿ ಸೂಚಿಸುತ್ತವೆ. ಬಟ್ಟೆ ಒಗೆಯುವ ಯಂತ್ರ, ದೊಡ್ಡ ಫ್ರೀಜರು, ಸಮುದ್ರದ ನೀರನ್ನು ಸಿಹಿ ಮಾಡುವ ಉಪಕರಣ, ಇವಿಲ್ಲದೆ ತಾನು ಬಂದರು ಬಿಡುವುದಿಲ್ಲವೆಂದು ಆ ತಾಯಿ ಮೊದಲೇ ಷರತ್ತು ಹಾಕಿರುತ್ತಾಳೆ. ಅವಕ್ಕೆ ವಿದ್ಯುತ್ತು, ವಿದ್ಯುತ್ತಿಗೆ ಜನರೇಟರು, ಜನರೇಟರಿಗೆ ಮತ್ತೆ ಅದೇ ಡೀಸೆಲ್ಲು. ಆಕೆ ಒಂದು ಕೋಣೆಯಲ್ಲಿ ಹಚ್ಚಿದ ದೀಪವನ್ನು ಅವನು ಹಿಂದಿನಿಂದ ಆರಿಸುತ್ತ ಬರುತ್ತಾನೆ. ಇದಕ್ಕಿಂತ ಗಂಭೀರವಾದ ದಾಂಪತ್ಯಸಂಕಟ ‘ಮೀನು’ಗಳದು. ಹಾಯಿಯಿದ್ದ ದೋಣಿಯನ್ನು ಗಾಳಿ ಒಂದು ಕಡೆಗೆ ಒತ್ತಿ ಹಿಡಿದಿರುತ್ತದೆ. ಹಾಯಿಯಿಲ್ಲದ ಈ ನೌಕೆ ಎಡಬಲಕ್ಕೆ ತೊಟ್ಟಿಲಿನಂತೆ ತೂಗುತ್ತದೆ. ತೂಗಾಟವನ್ನು ತಗ್ಗಿಸಲು ಎರಡು ಪಕ್ಕಕ್ಕೂ ಉದ್ದನೆಯ ಗಳುಗಳನ್ನು ಚಾಚಿ, ಅವುಗಳಿಂದ ನೀರಿನಾಳಕ್ಕೆ ಲೋಹದ ರೆಕ್ಕೆಗಳನ್ನು ಇಳಿಬಿಡುವುದುಂಟು, ಅವೇ ಮೀನುಗಳು. ಇಳಿಸಿದರೆ ನೌಕೆಯ ವೇಗ ಕುಂದಿ ರೇಖಾಚಿತ್ರ ಕೆಡುತ್ತದೆ. ಇಳಿಸದಿದ್ದರೆ ಅಡ್ಮಿರಲ್ ಸಾಹೇಬರು ಹಾಸಿಗೆ ಬಿಟ್ಟೇಳರು, ಅಡಿಗೆಯಾಗದು, ಮತ್ತು ಬರ್ಮುಡಕ್ಕೆ ವಿಮಾನವೂ ಇದೆಯೆಂಬ ಮಾತು ಕೇಳಿಬರುತ್ತದೆ. ಕ್ಯಾಪ್ಟನ್ ಅರ್ಧ ದಿನ ಲೆಕ್ಕ ಹಾಕುತ್ತಾನೆ. ಮೀನುಗಳು ಇಳಿಯುತ್ತವೆ.

ಹಾಯಿಯವರಿಗೂ ಇವನಿಗೂ ಇರುವುದು ಶೈವವೈಷ್ಣವರ ನಂಟು. ಎಣ್ಣೆಯ ನಾತಕ್ಕೆ ಸಾಗರವನ್ನು ಮಾರಿಕೊಂಡವನೆಂದು ಅವರು ಇವನನ್ನು ಜರೆದರೆ, ಗಾಳಿ ನಿಂತ ಕೂಡಲೇ ಅವರೂ ಗುಟ್ಟಾಗಿ ಎಂಜಿನ್ ಹಚ್ಚುವುದನ್ನು ಇವನು ದೂರದರ್ಶಕದಲ್ಲಿ ಕಂಡು ಗಂಟೆ ನಿಮಿಷಗಳೊಡನೆ ದಫ್ತರದಲ್ಲಿ ನಮೂದಿಸುತ್ತಾನೆ. ಒಡಲಿನಲ್ಲಿ ಮೀನುಗಾರಿಕೆಯ ದೋಣಿಗಳನ್ನು ಹೋಲುವ ಈ ನೌಕೆಗಳಿಗೆ ಟ್ರಾಲರ್ ಎಂದೇ ಹೆಸರು. ನಮ್ಮ ಮಲ್ಪೆಯ ಧಕ್ಕೆಯಲ್ಲಿ ಬಲೆ ಒಣಹಾಕುವ ಮೊಗವೀರರು ಇದನ್ನು ಕಂಡರೆ, ಇಷ್ಟು ದೂರ ಹೋಗಿ ಒಂದು ಬಂಗುಡೆಯನ್ನೂ ತಾರದೆ ಬರುವವನ ಮನೆಯವರು ಏನೂ ಅನ್ನುವುದಿಲ್ಲವೇ ಎಂದು ಕೇಳಿಯಾರು.

ಹೋರ್ಟದಲ್ಲಿ ಒಂದು ಸಂಪ್ರದಾಯವಿದೆ. ಅಲ್ಲಿಗೆ ಬಂದ ನಾವಿಕರು ಬಂದರಿನ ಕಟ್ಟೆಯ ಮೇಲೆ ತಮ್ಮ ನೌಕೆಯ ಚಿತ್ರವನ್ನು ಬರೆಯದೆ ಹೊರಟರೆ ಮುಂದಿನ ಯಾನಕ್ಕೆ ಕೇಡೆಂದು ಪ್ರತೀತಿ. ಗೋಡೆಯೆಲ್ಲ ಬಣ್ಣಬಣ್ಣದ ಚಿತ್ರಗಳು. ಶಕುನವನ್ನು ನಂಬದ, ತೈಲ ಸೋಸುವ ಫಿಲ್ಟರನ್ನಷ್ಟೇ ನಂಬುವ ನಮ್ಮ ಕ್ಯಾಪ್ಟನ್ನೂ ಮರುದಿನವೇ ಬಣ್ಣದ ಡಬ್ಬಿ ತರುತ್ತಾನೆ. ಅಡ್ಮಿರಲ್ ತಿಮಿಂಗಿಲವೊಂದನ್ನು ಬರೆಯತೊಡಗುತ್ತಾಳೆ, ಏಕೆಂದರೆ ಆಕೆ ನಿಜವಾಗಿಯೂ ಅದನ್ನು ಕಂಡಿದ್ದಾಳೆ. ಅಷ್ಟರಲ್ಲಿ ಪಕ್ಕದ ಹಾಯಿದೋಣಿಯ ತರುಣನೊಬ್ಬನು ವಿನಯದಿಂದ ಕಡಲು ಹೇಗಿತ್ತೆಂದು ಕೇಳುತ್ತಾನೆ.

“ಗಂಟೆಗೆ ಹನ್ನೆರಡೂವರೆ ಲೀಟರು,” ಎನ್ನುತ್ತಾನೆ ಕ್ಯಾಪ್ಟನ್, ಮತ್ತು ಸಂಶಯಕ್ಕೆಡೆಯಿರಬಾರದೆಂದು ಚೌಕುಳಿಯ ಕಾಗದವನ್ನು ತರಲು ಒಳಗೆ ಹೋಗುತ್ತಾನೆ.